ಅದಿರಿನ ಪರೀಕ್ಷೆಯಲ್ಲಿ ಅನ್ಯಲೋಹದ ಅಡ್ಡಿ



ಅದಿರಿನಲ್ಲಿ ಲೋಹವೆಷ್ಟಿದೆಯೆಂಬುದನ್ನು ರಸಾಯನಶಾಲೆಯ ಒಂದು ಕಾಗದ ತಿಳಿಸುತ್ತದೆ. ಅದರ ಮೇಲಿನ ಅಂಕಿಯನ್ನು ನಂಬಿ ಬಂಡವಾಳ ಹೂಡುವರು, ಗಣಿ ತೋಡುವರು. ನೂರಾರು ಸಂಸಾರಗಳು ಅಲ್ಲಿಗೆ ಬಂದು ನೆಲಸುವುವು. ಅಂಕಿಯೇ ತಪ್ಪಾದರೆ? ತೂಕದಲ್ಲಿ ಮೋಸವಿಲ್ಲದೆ, ಪರೀಕ್ಷಕನು ಪ್ರಾಮಾಣಿಕನಾಗಿದ್ದೂ ಅದು ತಪ್ಪಬಹುದು. ಹೇಗೆಂಬುದನ್ನು ತಾಮ್ರದ ದೃಷ್ಟಾಂತದಿಂದ ವಿಚಾರಮಾಡೋಣ.

ತಾಮ್ರದ ಮುಖ್ಯ ಅದಿರು ಕ್ಯಾಲ್ಕೊಪೈರೈಟ್ ಎಂಬ ಹಳದಿಯ ಖನಿಜ. ಚಿತ್ರದುರ್ಗದ ಬಳಿ ಇಂಗಳದಾಳದಲ್ಲಿ ಹಿಂದೆ ತೆಗೆಯುತ್ತಿದ್ದ ಅದಿರಿನಲ್ಲಿಯೂ ಇದ್ದುದು ಇದೇ. ಶುದ್ಧವಾದ ಈ ಖನಿಜದ 100 ಭಾಗಗಳಲ್ಲಿ ತಾಮ್ರ 34.6, ಕಬ್ಬಿಣ 30.4; ಮಿಕ್ಕದ್ದು ಗಂಧಕ. ಹೀಗೆ ಕಬ್ಬಿಣವು ಇಲ್ಲಿ ತಾಮ್ರದ ಒಡಹುಟ್ಟು.

ಅದಿರಿನ ಪುಡಿಯನ್ನು ತೂಗಿ, ಆಮ್ಲದಲ್ಲಿ ಕರಗಿಸಿ, ಪೊಟ್ಯಾಸಿಯಮ್ ಅಯೊಡೈಡನ್ನು ಬೆರೆಸಿದರೆ, ತಾಮ್ರವು ತನ್ನ ಪ್ರಮಾಣಕ್ಕೆ ತಕ್ಕಷ್ಟು ಅಯೊಡೀನನ್ನು ಬಿಡಿಸುತ್ತದೆ. ಗಂಜಿಯೊಡನೆ ನೀಲಿಯಾಗುವ ಈ ಅಯೊಡೀನಿಗೆ ಹೈಪೊ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಟ್ಟು, ನೀಲಿ ಅಳಿದೊಡನೆ ನಿಲ್ಲಿಸಿ, ಹಿಡಿದ ಹೈಪೊವಿನಿಂದ ತಾಮ್ರವನ್ನು ಲೆಕ್ಕಹಾಕುತ್ತೇವೆ. ಆದರೆ ನಾವು ನೇರವಾಗಿ ಅಳೆದದ್ದು ಅಯೊಡೀನನ್ನು, ತಾಮ್ರವನ್ನಲ್ಲ.

ದ್ರಾವಣದಲ್ಲಿರುವ ಫೆರಿಕ್ ಕಬ್ಬಿಣವೂ ಅಯೊಡೀನನ್ನು ಬಿಡಿಸಬಲ್ಲದು. ಅದರ 1 ಗ್ರಾಂ ಸುಮಾರು 1.14 ಗ್ರಾಂ ತಾಮ್ರದಷ್ಟು ಕೆಲಸ ಮಾಡುತ್ತದೆ. ಶೇಕಡಾ 1 ತಾಮ್ರವೂ ಶೇಕಡಾ 5 ಕಬ್ಬಿಣವೂ ಉಳ್ಳ ಬಡ ಅದಿರು, ಕಬ್ಬಿಣವನ್ನು ತಡೆಯದಿದ್ದರೆ, ಶೇಕಡಾ 6.7ರವರೆಗೆ ತಾಮ್ರವುಳ್ಳ ಸಿರಿವಂತ ಅದಿರಾಗಿ ತೋರೀತು.

ಇದಕ್ಕೆ ಪರಿಹಾರವುಂಟು. ದ್ರಾವಣದ ಹುಳಿಯನ್ನು ಹದಕ್ಕೆ ತಂದು ಫ್ಲೂರೈಡ್ ಲವಣವನ್ನು ಸೇರಿಸಿದರೆ, ಅದು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅಡ್ಡಿಯು ಅದಿರಿನಿಂದಲೇ ಬರಬೇಕೆಂಬುದೂ ಇಲ್ಲ. ಕರಗಿಸಲು ಬಳಸಿದ ನೈಟ್ರಿಕ್ ಆಮ್ಲದ ಕಂದುಹೊಗೆ ದ್ರಾವಣದಲ್ಲಿ ಉಳಿದರೂ ಅಯೊಡೀನು ಹೆಚ್ಚುತ್ತದೆ. ಅದನ್ನು ಮೊದಲೇ ಕುದಿಸಿ ಓಡಿಸತಕ್ಕದ್ದು.

ಇಂದಿನ ಉಪಕರಣಗಳೂ ಈ ತೊಡಕಿಗೆ ಹೊರತಲ್ಲ. ಬೆಳಕಿನ ರೇಖೆಗಳಿಂದ ಲೋಹವನ್ನು ಗುರುತಿಸುವಲ್ಲಿಯೂ ಒಂದರ ರೇಖೆಯ ಮೇಲೆ ಮತ್ತೊಂದರ ರೇಖೆ ಬೀಳುವುದುಂಟು. ಆದುದರಿಂದ ಬಲ್ಲ ಪರೀಕ್ಷಕನು, ತಾಮ್ರ ಕಬ್ಬಿಣಗಳ ಪ್ರಮಾಣ ಮೊದಲೇ ಗೊತ್ತಿರುವ ಮಾದರಿಯೊಂದನ್ನು ಜೊತೆಯಲ್ಲಿಟ್ಟುಕೊಂಡು ಪರೀಕ್ಷಿಸುತ್ತಾನೆ. ಅದರ ಅಂಕಿ ಸರಿಬಂದ ಮೇಲೆಯೇ ಅದಿರಿನ ಅಂಕಿಗೆ ರುಜುಹಾಕುತ್ತಾನೆ. ವರದಿಯು ಕೈಗೆ ಬಂದಾಗ ನಾವು ‘ತಾಮ್ರವೆಷ್ಟು?’ ಎಂದು ಕೇಳಿ ಸುಮ್ಮನಾಗದೆ, ‘ಕಬ್ಬಿಣವನ್ನು ಏನುಮಾಡಿದಿರಿ?’ ಎಂದೂ ಕೇಳುವುದು ಲೇಸು.