ಅಕ್ಷರಶುದ್ಧಿಯೂ ಕೈಕೆಲಸದ ಪಾಠವೂ

(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಶುಭಸಮಯದಲ್ಲಿ ಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಶಿಕ್ಷಣವೆಂಬುದು ವಿಶಾಲವಾದ ವಿಷಯ. ಅದರಲ್ಲಿ ಅತ್ಯಲ್ಪವೆಂದು ತೋರುವ, ಆದರೆ ಅನೇಕ ಮಕ್ಕಳ ಬಾಳಿನ ದಾರಿಯನ್ನೇ ತಿರುಗಿಸಿಬಿಡುವ ಒಂದಂಶವನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ಅದು ಕಾಗುಣಿತ ಒತ್ತಕ್ಷರಗಳಲ್ಲಿ ಎಡವುವ ಮಕ್ಕಳ ವಿಚಾರ.

ತಮ್ಮ ಊರಿನ ಹೆಸರನ್ನೇ 'ಶಿವಮೊಗ' ಎಂದೋ 'ಬದರಾವತಿ' ಎಂದೋ ಬರೆಯುವ ಮಕ್ಕಳು ಈ ಎರಡು ಊರುಗಳಲ್ಲಿಯೂ ಉಂಟು. ಇಂಥ ಮಗುವಿಗೆ ನಾವು ಸುಲಭವಾಗಿ ಕೊಡುವ ಬಿರುದು 'ದಡ್ಡ' ಎಂಬುದು. ಸುಲಭವಾಗಿ ವಿಧಿಸುವ ಶಿಕ್ಷೆ 'ಹತ್ತು ಸಲ ಬರೆ' ಎಂಬುದು. ಹತ್ತು ಸಲ ತಪ್ಪಾಗಿ ಬರೆದ ಮಗು ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಮೊದಲು ಪುಸ್ತಕವನ್ನು ಮುಚ್ಚುತ್ತದೆ, ಅನಂತರ ಶಾಲೆಯನ್ನೇ ಬಿಡುತ್ತದೆ. ಆದುದರಿಂದ ಆ ತಪ್ಪು ಹುಟ್ಟುವುದೆಲ್ಲಿ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಕನ್ನಡವು ನುಡಿದಂತೆ ಬರೆಯುವ ಭಾಷೆಯೆಂದು ನಾವು ಹೆಮ್ಮೆಪಡುತ್ತೇವೆ. ಅದು ನಿಜವೇ ಆದರೂ ಪೂರ್ಣವಾಗಿ ನಿಜವಲ್ಲ. 'ಭಕ್ತಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಿವಿಯು ಮೊದಲು ಕ್, ಅನಂತರ ತ್, ಕಡೆಗೆ ಇ ಎಂದು ಕೇಳುತ್ತದೆ. ಬರವಣಿಗೆಯಲ್ಲಿಯಾದರೋ ಇಕಾರದ ಗುಡಿಸು ತಕಾರವನ್ನು ಬಿಟ್ಟು ಕಕಾರದ ತಲೆಯನ್ನೇರುತ್ತದೆ. ತಕಾರವು ಒತ್ತಾಗಿ ಕೆಳಗೆ ನಿಲ್ಲುತ್ತದೆ. 'ಧರ್ಮ' ಎಂಬಲ್ಲಿ ಮೊದಲು ಕೇಳಿಬರುವ ರಕಾರವು ಅರ್ಕಾವೊತ್ತಾಗಿ ಮಕಾರದ ಹಿಂದೆ ಹೋಗುತ್ತದೆ. ಕಿವಿಗೆ ವಿಧೇಯವಾದ ಮಗು 'ಭಕತಿ' ಎಂದು ಬರೆದರೆ ಅದು ದಡ್ಡತನವಲ್ಲ; ಕೇಳಿದುದನ್ನು ಕೇಳಿದ ಕ್ರಮದಲ್ಲಿಯೇ ಬರೆದ ಪ್ರಾಮಾಣಿಕತೆ.

ಇನ್ನು ಅಕ್ಷರಗಳ ಸಂಖ್ಯೆಯನ್ನು ನೋಡಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೆ 13 ಸ್ವರಗಳೂ 2 ಯೋಗವಾಹಗಳೂ ಕೂಡಿದರೆ ಕಾಗುಣಿತದಲ್ಲಿಯೇ 510 ರೂಪಗಳಾಗುತ್ತವೆ; ಒತ್ತಕ್ಷರಗಳು ಬೇರೆ. ಇಷ್ಟನ್ನು ಕೈವಶ ಮಾಡಿಕೊಳ್ಳುವುದು ಒಂದೆರಡು ವರ್ಷಗಳ ಕೆಲಸವಲ್ಲ, ನಾಲ್ಕನೆಯ ತರಗತಿಯವರೆಗೂ ಸಾಗತಕ್ಕದ್ದು ಎಂಬುದನ್ನು ವಿದುಷಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು ತೋರಿಸಿಕೊಟ್ಟಿದೆ.

ಭದ್ರಾವತಿಯಲ್ಲಿ ಮತ್ತೊಂದು ಕಾರಣವೂ ಸೇರುತ್ತದೆ. 1923ರಲ್ಲಿ ಕಾರ್ಯಾರಂಭ ಮಾಡಿದ ಕಬ್ಬಿಣದ ಕಾರ್ಖಾನೆಗೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೂ ತಮಿಳು, ತೆಲುಗು ಮೊದಲಾದ ಭಾಷೆಗಳ ಕುಟುಂಬಗಳು ದುಡಿಯಲು ಬಂದವು. ಆ ಕಾರ್ಖಾನೆಗಳ ವೈಭವದ ಕಾಲ ಕಳೆದಿದ್ದರೂ ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮವರೇ ಆಗಿದ್ದಾರೆ. ಕ, ಖ, ಗ, ಘ ಎಂಬ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ಮನೆಯಲ್ಲಿ ಆ ಭಾಷೆಯನ್ನಾಡುವ ಮಗುವಿಗೆ ಈ ಭೇದವು ಕಿವಿಯಿಂದ ತಾನಾಗಿ ತಿಳಿಯದು. ಕನ್ನಡವೇ ಮನೆಮಾತಾದವರೂ ಆಡುಮಾತಿನಲ್ಲಿ ಮಹಾಪ್ರಾಣವನ್ನು ಸಡಿಲಿಸಿ 'ಬದ್ರಾವತಿ' ಎನ್ನುವುದುಂಟು.

ಕಿವಿ ಸಾಲದಾದಲ್ಲಿ ಕೈಯನ್ನೂ ಮೈಯನ್ನೂ ನೆರವಿಗೆ ಕರೆಯಬೇಕು. ಇದೇ ನನ್ನ ಮುಖ್ಯವಾದ ಅರಿಕೆ.

ಮೊದಲನೆಯದು ಮಹಾಪ್ರಾಣದ ಪಾಠ. ಮಗುವಿನ ಬಾಯ ಮುಂದೆ ತೆಳುವಾದ ಕಾಗದದ ಪಟ್ಟಿಯನ್ನು ಹಿಡಿದು 'ಕ' ಎನ್ನಿಸಿ, ಅನಂತರ 'ಖ' ಎನ್ನಿಸಿರಿ. ಎರಡನೆಯದಕ್ಕೆ ಪಟ್ಟಿ ಹೆಚ್ಚು ಅಲುಗುತ್ತದೆ. ಕೊರಳ ಮೇಲೆ ಬೆರಳಿಟ್ಟು 'ಕ' 'ಗ' ಎಂದರೆ ಗಕಾರದ ನಡುಕವು ಬೆರಳಿಗೇ ತಿಳಿಯುತ್ತದೆ. ಶಬ್ದವು ನಾಭಿಮೂಲದಿಂದ ಗಾಳಿಯ ಬಲದಿಂದ ಕಹಳೆಯಂತೆ ಹೊರಡುವುದೆಂದು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳಿರುವ ತತ್ತ್ವವನ್ನು ಹೀಗೆ ಚಿಕ್ಕ ಮಗುವೂ ಅನುಭವದಿಂದ ಅರಿಯಬಲ್ಲುದು.

ಎರಡನೆಯದು ಕಾಗುಣಿತದ ಪಾಠ. ನಮ್ಮ ಸೀಮೆಯಲ್ಲಿ ಅಡಕೆಯ ಹಾಳೆಗೆ ಕೊರತೆಯಿಲ್ಲ. ಅದರಲ್ಲಿ ಮೂಲಾಕ್ಷರಗಳನ್ನು ಬೇರೆಯಾಗಿಯೂ ಗುಡಿಸು, ಕೊಂಬು, ಏತ್ವ, ಓತ್ವಗಳನ್ನು ಬೇರೆಯಾಗಿಯೂ ಕತ್ತರಿಸಿ ಮಗುವಿನ ಕೈಗೆ ಕೊಡಿರಿ. ಒಂದೇ ಕೊಂಬನ್ನು ತೆಗೆದು ತೆಗೆದು ಹತ್ತು ಅಕ್ಷರಗಳಿಗೆ ಜೋಡಿಸಿದ ಮಗುವಿಗೆ ಚಿಹ್ನೆಯ ಕೆಲಸ ಮನದಟ್ಟಾಗುತ್ತದೆ. 510 ರೂಪಗಳು ಕೆಲವೇ ತುಂಡುಗಳ ಆಟವಾಗುತ್ತವೆ.

ಮೂರನೆಯದು ಒತ್ತಕ್ಷರದ ಪಾಠ. ಭ, ಕ್, ತ್, ಇ ಎಂಬ ಫಲಕಗಳನ್ನು ಹಿಡಿಸಿ ನಾಲ್ವರು ಮಕ್ಕಳನ್ನು ಕೇಳುವ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿರಿ. ಬಳಿಕ ತಕಾರದ ಮಗು ಕಕಾರದ ಮಗುವಿನ ಕಾಲ ಬಳಿ ಕುಳಿತುಕೊಳ್ಳಲಿ. ಇಕಾರದ ಮಗು ಕಕಾರದ ತಲೆಯ ಮೇಲೆ ಕೈಯಿಡಲಿ. ಅರ್ಕಾವೊತ್ತಾದರೆ ರಕಾರದ ಮಗು ಎದ್ದು ಮುಂದಿನ ಅಕ್ಷರದ ಹಿಂದೆ ಹೋಗಿ ನಿಲ್ಲಲಿ. ತುಂಗೆ ಭದ್ರೆಗಳು ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುವಂತೆ ಅಕ್ಷರಗಳು ಒಂದಾದುವೆಂದು ಹೇಳಿದರೆ ಈ ನಾಡಿನ ಮಗುವಿಗೆ ಬೇರೆ ವ್ಯಾಖ್ಯಾನ ಬೇಡ.

ಆದರೆ ಆಟವು ಆಟದಲ್ಲಿಯೇ ಮುಗಿಯಕೂಡದು. ಆಡಿದ ಪದವನ್ನು ಒಡನೆಯೇ ಬರೆಯಿಸಬೇಕು, ಬರೆದುದನ್ನು ಓದಿಸಬೇಕು. ವಾರಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಬೇಕು. ಎಲ್ಲವನ್ನೂ ಒಮ್ಮೆಗೇ ಕೆಂಪು ಶಾಯಿಯಿಂದ ಗುರುತಿಸಿದರೆ ಮಗುವಿಗೆ ಕಾಣುವುದು ಶಾಯಿ ಮಾತ್ರ.

ಇದು ನಮಗೆ ಹೊಸ ದಾರಿಯೇನೂ ಅಲ್ಲ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದಿಯೇ ಅಕ್ಷರ ಕಲಿತರು. ಇಟಲಿಯ ಮಾರಿಯಾ ಮಾಂಟೆಸೊರಿ ಅವರು 1907ರಲ್ಲಿ ರೋಮಿನಲ್ಲಿ ತೆರೆದ ಶಿಶುಗೃಹದ ಪದ್ಧತಿಯಲ್ಲಿ ಮರಳುಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿಸಿ ಕಲಿಸಿದರು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯು 2009ರ ಬಳಿಕ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಕಾಯಕವನ್ನು ಪೂಜ್ಯವೆಂದೆಣಿಸಿದ ಪರಂಪರೆ ನಮ್ಮದು; ದೋಣಿ ನಡೆಸಿದ ಚೌಡಯ್ಯನೂ ಹಗ್ಗ ಹೊಸೆದ ಚಂದಯ್ಯನೂ ವಚನಕಾರರಾದ ನಾಡು ನಮ್ಮದು. ಕೈಯ ದುಡಿಮೆಯಿಂದ ಅರಿವು ಬೆಳೆಯುವುದೆಂಬುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ.

ಆದಕಾರಣ ಭಕ್ತಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಉತ್ಸವದ ನೆನಪಿಗೆ ಕಟ್ಟಡಗಳು ಏಳುವುದು ಸಂತೋಷವೇ. ಅದರ ಜೊತೆಗೆ ವಿದ್ಯಾರ್ಥಿನಿಲಯಗಳಲ್ಲಿಯೂ ತಮ್ಮ ತಮ್ಮ ಮನೆಗಳ ಜಗಲಿಗಳಲ್ಲಿಯೂ ಓದುಬಲ್ಲವರು ಸಂಜೆಗೆ ಅರ್ಧಗಂಟೆ, ಹಿಂದುಳಿದ ಇಬ್ಬರು ಮೂವರು ಮಕ್ಕಳೊಡನೆ ಕುಳಿತುಕೊಳ್ಳಲಿ. ಅದಕ್ಕೆ ಬೇಕಾದ ಸಾಮಗ್ರಿ ಹಾಳೆ, ಜೇಡಿಮಣ್ಣು, ಹುಣಸೆಯ ಬೀಜ, ಕತ್ತರಿ, ಖರ್ಚಾಗತಕ್ಕದ್ದು ತಾಳ್ಮೆಯೊಂದೇ. ದಡ್ಡನೆನಿಸಿಕೊಂಡ ಒಂದು ಮಗು ತನ್ನ ಊರಿನ ಹೆಸರನ್ನು ತಪ್ಪಿಲ್ಲದೆ ಬರೆದು ತಲೆಯೆತ್ತಿ ನೋಡಿದರೆ ಆ ಅರ್ಧಗಂಟೆ ಸಾರ್ಥಕವಾಯಿತೆಂದು ತಿಳಿಯಿರಿ.