ಎರಡನೆಯ ಹೆಸರನ್ನು ಆರಿಸುವವರು ಯಾರು?

    

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಎಂದೊಡನೆ ಎಲ್ಲರ ಕಣ್ಣು ಟಿಕೆಟ್ಟಿನ ಮೊದಲ ಹೆಸರಿನ ಮೇಲೆ. ಎರಡನೆಯ ಹೆಸರು ಯಾರದು, ಅದನ್ನು ಆರಿಸಿದವರು ಯಾರು, ಯಾವ ಕೆಲಸಕ್ಕೆಂದು ಆರಿಸಿದರು ಎಂಬ ಪ್ರಶ್ನೆ ರಾಜ್ಯಶಾಸ್ತ್ರದ ಅಧ್ಯಾಪಕರಾದ ನಮ್ಮ ತರಗತಿಗಳಲ್ಲಿ ಏಳುವುದೇ ಇಲ್ಲ. ಚುನಾವಣೆಯ ಕೆಸರೆರಚಾಟಕ್ಕೆ ಬೇರೊಂದು ಪಾಠ, ಅದೂ ಇದ್ದರೆ. ಇವೆರಡನ್ನೂ ಕೂಡಿಸಿ ನೋಡಬೇಕು ಎಂಬುದೇ ಇಂದಿನ ಮಾತಿನ ತಿರುಳು. ನಾಳೆ ಅಧ್ಯಕ್ಷನಾಗಬಹುದಾದ ವ್ಯಕ್ತಿಯನ್ನು ಅಲ್ಲಿನ ಪಕ್ಷಗಳು ಮತ್ತೆಮತ್ತೆ ಆರಿಸಿರುವುದು ಎದುರಾಳಿಯ ಮೇಲೆ ಬೀಳುವ ಕೆಲಸಕ್ಕೆ. ಆ ಆಯ್ಕೆಯಲ್ಲಿ ಮತದಾರನನ್ನು ಕೇಳುವವರಿಲ್ಲ.

ಈವರೆಗೆ ಒಂಬತ್ತು ಉಪಾಧ್ಯಕ್ಷರು ಅವಧಿಯ ನಡುವೆ ಅಧ್ಯಕ್ಷರಾಗಿದ್ದಾರೆ. ನಾಲ್ಕು ಬಾರಿ ಅಧ್ಯಕ್ಷರ ಹತ್ಯೆ, ನಾಲ್ಕು ಬಾರಿ ಸಹಜ ಸಾವು, ಒಮ್ಮೆ ರಾಜೀನಾಮೆ. 1841ರಲ್ಲಿ ವಿಲಿಯಂ ಹ್ಯಾರಿಸನ್ ಅಧಿಕಾರ ಹಿಡಿದ ಒಂದು ತಿಂಗಳಿಗೆ ತೀರಿಕೊಂಡಾಗ ಜಾನ್ ಟೈಲರ್ ಉಳಿದ ಅವಧಿಯನ್ನೆಲ್ಲ ಆಳಿದರು. ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿ ಇದ್ದದ್ದು 82 ದಿನ. 1945ರ ಏಪ್ರಿಲ್ 12ರಂದು ಅಧ್ಯಕ್ಷ ರೂಸ್ವೆಲ್ಟ್ ನಿಧನರಾದಾಗ, ಅಣುಬಾಂಬ್ ತಯಾರಾಗುತ್ತಿರುವ ಸಂಗತಿಯೇ ಟ್ರೂಮನ್‌ಗೆ ತಿಳಿದಿರಲಿಲ್ಲ. ಪೂರ್ತಿ ವಿವರ ಅವರ ಮುಂದೆ ಬಂದದ್ದು ಏಪ್ರಿಲ್ 25ರಂದು. ಆಗಸ್ಟ್ 6ಕ್ಕೆ ಹಿರೋಷಿಮಾ ಸುಟ್ಟುಹೋಯಿತು. ಎರಡನೆಯ ಹೆಸರು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಭಾರತದಲ್ಲಿ ಹಾಗಿಲ್ಲ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದವರು ಉಪರಾಷ್ಟ್ರಪತಿ, ಜಮಖಂಡಿ ಸೀಮೆಯ ಬಿ.ಡಿ. ಜತ್ತಿ. ಜುಲೈನಲ್ಲಿ ಹೊಸ ರಾಷ್ಟ್ರಪತಿ ಬಂದರು, ಜತ್ತಿಯವರು ತಮ್ಮ ಹುದ್ದೆಗೆ ಮರಳಿದರು. ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಲೇಬೇಕು ಎಂದು ನಮ್ಮ ಸಂವಿಧಾನ ಹೇಳುತ್ತದೆ. ಅಮೆರಿಕದಲ್ಲಿ ಮರುಚುನಾವಣೆ ಇಲ್ಲ. ಮೂರು ವರ್ಷ ಹನ್ನೊಂದು ತಿಂಗಳು ಉಳಿದಿದ್ದರೂ ಅಷ್ಟೂ ಉಪಾಧ್ಯಕ್ಷರ ಪಾಲು. ಪಠ್ಯಕ್ರಮ ಸಮಿತಿಯೊಂದರ ಮುಂದೆ ಈ ವ್ಯತ್ಯಾಸವನ್ನು ಇಟ್ಟು ಒಂದು ಅಧ್ಯಾಯ ಕೇಳಿದಾಗ ಬಂದ ಉತ್ತರ ಇಲ್ಲಿ ಕೂತಿರುವ ಕೆಲವರಿಗಾದರೂ ನೆನಪಿದೆ: ಎರಡೂ ದೇಶಗಳಲ್ಲಿ ಉಪಾಧ್ಯಕ್ಷರೆಂದರೆ ಮೇಲ್ಮನೆಯ ಸಭಾಪತಿ, ಅಷ್ಟು ಬರೆದರೆ ಎರಡು ಅಂಕ, ಸಾಕು. ಸಾಲದು ಎಂದು ಅಂದೂ ಹೇಳಲಾಗಿತ್ತು, ಇಂದೂ ಹೇಳಬೇಕಾಗಿದೆ.

ಆಯ್ಕೆಯ ಚರಿತ್ರೆಯನ್ನು ಬೇಗ ದಾಟೋಣ. ಮೊದಲು, ಹೆಚ್ಚು ಮತ ಪಡೆದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ. 1800ರಲ್ಲಿ ಜೆಫರ್ಸನ್ ಮತ್ತು ಆರನ್ ಬರ್ ತಲಾ 73 ಎಲೆಕ್ಟೋರಲ್ ಮತ ಪಡೆದು, ಪ್ರತಿನಿಧಿ ಸಭೆ 36 ಸುತ್ತು ಮತದಾನ ನಡೆಸಬೇಕಾಯಿತು. 1804ರ 12ನೇ ತಿದ್ದುಪಡಿ ಎರಡು ಹುದ್ದೆಗಳಿಗೆ ಬೇರೆ ಬೇರೆ ಮತ ತಂದಿತು. ಆಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಪಕ್ಷದ ಮುಖಂಡರು ಅಧಿವೇಶನದಲ್ಲಿ ಕೂತು ಹೆಸರು ನಿಶ್ಚಯಿಸುತ್ತಿದ್ದರು. 1940ರಲ್ಲಿ, ಹೆನ್ರಿ ವ್ಯಾಲೇಸ್ ಬೇಕೇ ಬೇಕು, ಇಲ್ಲದಿದ್ದರೆ ತಾವೇ ನಿಲ್ಲುವುದಿಲ್ಲ ಎಂದು ರೂಸ್ವೆಲ್ಟ್ ಹಟ ಹಿಡಿದು ಗೆದ್ದರು. 1956ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಅಭ್ಯರ್ಥಿ ಸ್ಟೀವನ್‌ಸನ್ ಮಾತ್ರ ಅಧಿವೇಶನಕ್ಕೇ ಆಯ್ಕೆ ಬಿಟ್ಟರು. ಎಸ್ಟಿಸ್ ಕೆಫಾವರ್ ಎದುರು ತರುಣ ಕೆನಡಿ ಸೋತರು. ಉಳಿದಂತೆ ಒಬ್ಬ ಅಭ್ಯರ್ಥಿಯ ಮನಸ್ಸಿಗೆ ಬಂದದ್ದೇ ಕಾನೂನು. 2000ದಲ್ಲಿ ಜಾರ್ಜ್ ಬುಷ್ ಅವರಿಗೆ ಉಪಾಧ್ಯಕ್ಷ ಅಭ್ಯರ್ಥಿಯನ್ನು ಹುಡುಕಿಕೊಡುವ ಹೊಣೆ ಹೊತ್ತಿದ್ದವರು ಡಿಕ್ ಚೇನಿ. ಕೊನೆಗೆ ಆಯ್ಕೆಯಾದವರು ಅದೇ ಚೇನಿ.

ಈಗ ಮುಖ್ಯ ಮಾತು. ಅಧ್ಯಕ್ಷ ಅಭ್ಯರ್ಥಿ ಗಂಭೀರವಾಗಿ, ಗೌರವಸ್ಥನಾಗಿ ಕಾಣಬೇಕು. ಬೈಗುಳದ ಕೆಲಸ ಜೊತೆಗಾರ ಮಾಡಬೇಕು. ಈ ಹಂಚಿಕೆ ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಏಳು ದಶಕಗಳಿಂದ ಎರಡೂ ಪಕ್ಷಗಳಲ್ಲಿ ನಡೆದುಬಂದಿದೆ. 1952ರಲ್ಲಿ ಯುದ್ಧ ಗೆದ್ದ ದಂಡನಾಯಕ ಐಸೆನ್‌ಹೋವರ್ ಮೇಲ್ಮಟ್ಟದ ಮಾತಾಡಿಕೊಂಡು ಇದ್ದರು. ಎದುರಾಳಿ ಸ್ಟೀವನ್‌ಸನ್ ಕಮ್ಯುನಿಸ್ಟರ ಮುಂದೆ ತಲೆಬಾಗುವ ಹೇಡಿ ಎಂದು ಊರೂರು ಸಾರುವ ಕೆಲಸ 39ರ ಹರೆಯದ ರಿಚರ್ಡ್ ನಿಕ್ಸನ್ ಪಾಲಿಗೆ ಬಂತು. ಬೆಂಬಲಿಗರು ಕೂಡಿಸಿದ್ದ ಸುಮಾರು 18,000 ಡಾಲರ್ ನಿಧಿಯ ವಿಷಯದಲ್ಲಿ ಅವರ ಮೇಲೆಯೇ ಆರೋಪ ಬಂದಾಗ, ಟಿವಿಯಲ್ಲಿ ಮಕ್ಕಳ ನಾಯಿಮರಿಯ ಕತೆ ಹೇಳಿ ಪಾರಾದರು. ಆ ನಿಕ್ಸನ್ 16 ವರ್ಷದ ನಂತರ ತಾವೇ ಅಧ್ಯಕ್ಷ ಹುದ್ದೆಗೆ ನಿಂತು ಗೆದ್ದಾಗ ಕಲಿತ ಪಾಠ ಮರೆಯಲಿಲ್ಲ. ಮೇರಿಲ್ಯಾಂಡಿನ ಗವರ್ನರ್ ಗಾದಿಗೆ ಬಂದು ಎರಡು ವರ್ಷವೂ ತುಂಬಿರದ ಸ್ಪೈರೋ ಆಗ್ನ್ಯೂ ಅವರನ್ನು ತಂದು ಪತ್ರಕರ್ತರ, ವಿದ್ಯಾರ್ಥಿಗಳ, ವಿರೋಧಿಗಳ ಮೇಲೆ ಬಿಟ್ಟರು. ಕಂಟ್ರಾಕ್ಟರುಗಳಿಂದ ಲಂಚ ಪಡೆದ ಆರೋಪಗಳ ನಡುವೆ, ತೆರಿಗೆ ವಂಚನೆಯ ಮೊಕದ್ದಮೆಯಲ್ಲಿ ವಾದಿಸದೆ ಶಿಕ್ಷೆ ಒಪ್ಪಿ ಆಗ್ನ್ಯೂ 1973ರ ಅಕ್ಟೋಬರ್ 10ರಂದು ರಾಜೀನಾಮೆ ಕೊಟ್ಟರು. ಅಲ್ಲಿಗೆ ಹತ್ತು ತಿಂಗಳಿಗೆ ನಿಕ್ಸನ್ ಕೂಡ ಹೋದರು. ಲಂಚದ ಸುದ್ದಿ ಒಂದು ವರ್ಷ ತಡವಾಗಿದ್ದರೆ ಅಮೆರಿಕದ ಅಧ್ಯಕ್ಷ ಆಗ್ನ್ಯೂ.

1964ರ ಉದಾಹರಣೆ ಇನ್ನೂ ಸ್ಪಷ್ಟ. ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಆರಿಸಿದ್ದು ನ್ಯೂಯಾರ್ಕ್ ರಾಜ್ಯದ ವಿಲಿಯಂ ಮಿಲ್ಲರ್ ಎಂಬ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಸದನನ್ನು. ಕಾರಣಗಳಲ್ಲಿ ಒಂದನ್ನು ಅವರೇ ಬಾಯಿಬಿಟ್ಟು ಹೇಳಿದರು: ಈತನನ್ನು ಕಂಡರೆ ಅಧ್ಯಕ್ಷ ಜಾನ್ಸನ್‌ಗೆ ತಲೆ ಕೆಡುತ್ತದೆ. ಅಧ್ಯಕ್ಷ ಕೆನಡಿಯ ಹತ್ಯೆಯಾಗಿ ವರ್ಷವೂ ಆಗಿರಲಿಲ್ಲ. ಉಪಾಧ್ಯಕ್ಷನೊಬ್ಬ ರಾತ್ರೋರಾತ್ರಿ ಅಧ್ಯಕ್ಷನಾದದ್ದನ್ನು ದೇಶ ಕಣ್ಣಾರೆ ಕಂಡಿತ್ತು. ಅಂಥ ಹೊತ್ತಿನಲ್ಲೂ ಎದುರಾಳಿಯನ್ನು ಕೆರಳಿಸುವ ಗುಣವೇ ಅರ್ಹತೆಯಾಯಿತಲ್ಲ ಎಂಬ ಸಂಕಟ ಇಂದಿಗೂ ಕಡಿಮೆಯಾಗುವುದಿಲ್ಲ.

2008ರ ಆಗಸ್ಟ್ 29, ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಅವರ 72ನೇ ಹುಟ್ಟುಹಬ್ಬ. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ದೇಹ. ಅಂದೇ ಅವರು ಘೋಷಿಸಿದ ಹೆಸರು ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್, ಅವರಿಗೇ ಸರಿಯಾಗಿ ಪರಿಚಯವಿಲ್ಲದ ರಾಜಕಾರಣಿ. ಅಕ್ಟೋಬರಿನಲ್ಲಿ ಪೇಲಿನ್, ಒಬಾಮಾ ಭಯೋತ್ಪಾದಕರ ಜೊತೆ ಒಡನಾಡುವವರು ಎಂದು ಸಭೆಗಳಲ್ಲಿ ಕೂಗತೊಡಗಿದರು. ಜನ ಬಿಸಿಯಾದರು. ಅದೇ ತಿಂಗಳು ಮಿನೆಸೋಟದ ಸಭೆಯೊಂದರಲ್ಲಿ ಒಬ್ಬ ಮಹಿಳೆ ಒಬಾಮಾ ಅರಬ್ ಎಂದಾಗ ಮೆಕೇನ್ ಮೈಕ್ ತೆಗೆದುಕೊಂಡು, ಅಲ್ಲ, ಅವರು ಸಭ್ಯ ಸಂಸಾರಸ್ಥರು, ತಮಗೂ ಅವರಿಗೂ ಇರುವುದು ಅಭಿಪ್ರಾಯ ಭೇದ ಎಂದರು. ಆ ಸಭೆಯಲ್ಲಿ ಕೆಲವರು ಅವರನ್ನೇ ಹೀಯಾಳಿಸಿದರು. ಆ ಮಾತಿಗಾಗಿ ಮೆಕೇನ್ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಆ ಬೆಂಕಿಗೆ ತುಪ್ಪ ಸುರಿದದ್ದು ಅವರದೇ ಆಯ್ಕೆ. ಸೆನೆಟರ್ ಜೋ ಲೀಬರ್‌ಮನ್ ಅವರನ್ನು ಆರಿಸದೆ ಹೋದದ್ದಕ್ಕೆ ವಿಷಾದವಿದೆ ಎಂದು ಅವರು ಬರೆದದ್ದು ಹತ್ತು ವರ್ಷದ ಮೇಲೆ, 2018ರಲ್ಲಿ.

2024ಕ್ಕೆ ಬಂದರೆ ಎರಡೂ ಪಕ್ಷಗಳು ಒಂದೇ ದಾರಿ ಹಿಡಿದವು. ಜುಲೈ 21ರಂದು ಬೈಡನ್ ಹಿಂದೆ ಸರಿದರು; ಆಗಸ್ಟ್ 6ಕ್ಕೆ ಕಮಲಾ ಹ್ಯಾರಿಸ್ ಟಿಮ್ ವಾಲ್ಜ್ ಹೆಸರು ಘೋಷಿಸಿದರು. ಮಿನೆಸೋಟದ ಈ ಗವರ್ನರನ್ನು ಇಡೀ ದೇಶಕ್ಕೆ ಪರಿಚಯಿಸಿದ್ದು, ಎದುರಾಳಿಗಳು ವಿಚಿತ್ರ ಜನ ಎಂದು ಟಿವಿಯಲ್ಲಿ ಆಡಿದ ಒಂದು ಚುಚ್ಚುಮಾತು. ಅವರ ಶಾಲಾ ಊಟದ ಯೋಜನೆ ಆಮೇಲೆ ಸುದ್ದಿಯಾಯಿತು. ಘೋಷಣೆಯ ಮರುದಿನವೇ ಟ್ರಂಪ್ ಅವರ ಜೊತೆಗಾರ ಜೆ.ಡಿ. ವ್ಯಾನ್ಸ್, ವಾಲ್ಜ್ ತಮ್ಮ ಪಡೆ ಇರಾಕ್‌ಗೆ ಹೊರಡುವ ಮುನ್ನ ಸೈನ್ಯ ಬಿಟ್ಟರು ಎಂದು ಹರಿಹಾಯ್ದರು. ವಾಲ್ಜ್ ನ್ಯಾಷನಲ್ ಗಾರ್ಡಿನಲ್ಲಿ 24 ವರ್ಷ ಸೇವೆ ಮಾಡಿದವರು. 2004ರಲ್ಲಿ ಅಧ್ಯಕ್ಷ ಅಭ್ಯರ್ಥಿ ಜಾನ್ ಕೆರಿ ಅವರ ವಿಯೆಟ್ನಾಂ ಸೇವೆಯ ಮೇಲೆ ಇಂಥದೇ ದಾಳಿ ನಡೆಸಿದ ಸ್ವಿಫ್ಟ್ ಬೋಟ್ ಗುಂಪಿಗೆ ಸಲಹೆ ಕೊಟ್ಟಿದ್ದ ಕ್ರಿಸ್ ಲಸಿವಿಟಾ ಅವರೇ ಈ ಬಾರಿ ಟ್ರಂಪ್ ಪ್ರಚಾರದ ಹಿರಿಯ ನಿರ್ವಾಹಕರಲ್ಲಿ ಒಬ್ಬರು. ಇದು ಕಾಕತಾಳೀಯ ಎಂದು ನಂಬುವುದು ಕಷ್ಟ.

ಸೆಪ್ಟೆಂಬರಿನಲ್ಲಿ ನಡೆದದ್ದನ್ನು ಮಾತ್ರ ಕ್ಷಮಿಸಲಾಗದು. ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೈಟಿಯಿಂದ ಬಂದವರು ಜನರ ಸಾಕುಪ್ರಾಣಿಗಳನ್ನು ಹಿಡಿದು ತಿನ್ನುತ್ತಾರೆ ಎಂಬ ಗಾಳಿಸುದ್ದಿಯನ್ನು ವ್ಯಾನ್ಸ್ ಹರಡಿದರು. ಮರುದಿನದ ಟಿವಿ ಚರ್ಚೆಯಲ್ಲಿ ಟ್ರಂಪ್ ಅದನ್ನೇ ಹೇಳಿದರು. ನಂಬಬಹುದಾದ ಒಂದು ದೂರೂ ಬಂದಿಲ್ಲ ಎಂದು ಊರಿನ ಆಡಳಿತ ಹೇಳಿತು. ಬಾಂಬ್ ಬೆದರಿಕೆಗಳು ಬಂದವು, ಶಾಲೆಗಳನ್ನು ಖಾಲಿ ಮಾಡಿಸಬೇಕಾಯಿತು. ಒಹಾಯೊ ವ್ಯಾನ್ಸ್ ಅವರದೇ ರಾಜ್ಯ; ಅವರು ಆಗ ಆ ಜನರದೇ ಸೆನೆಟರ್ ಆಗಿದ್ದರು. ಬೆದರಿ ಮನೆಗೆ ಓಡಿದ ಮಕ್ಕಳು ಯಾವ ಪಕ್ಷದವರೂ ಅಲ್ಲ.

ಅದೇ ದಿನಗಳಲ್ಲಿ ಇಲ್ಲಿನ ಪತ್ರಿಕೆ, ಟಿವಿಗಳಲ್ಲಿ ಬಂದದ್ದೇನು? ಹ್ಯಾರಿಸ್ ಅವರ ತಾತನ ಊರು ತುಳಸೇಂದ್ರಪುರದ ಪೂಜೆ, ವ್ಯಾನ್ಸ್ ಅವರ ಪತ್ನಿಯ ಆಂಧ್ರದ ಬೇರು. ಸಂಬಂಧ ಹುಡುಕುವ ಸಂತೋಷಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಸ್ಪ್ರಿಂಗ್‌ಫೀಲ್ಡ್‌ನ ಮೂಲೆಸುದ್ದಿಯ ಪಕ್ಕದಲ್ಲಿ ಊರ ದೇವಸ್ಥಾನದ ದೊಡ್ಡ ಚಿತ್ರ ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ ಮತ ಹಾಕುವ ಕನ್ನಡಿಗರೂ ಅಲ್ಲಿಗೆ ವಲಸೆ ಹೋದವರೇ ತಾನೆ?

ಹಾಗಾದರೆ ಟೀಕೆಯೇ ತಪ್ಪೆ? ಈ ವೇದಿಕೆಯಲ್ಲಿ ಹಳೆಯ ಜಗಳವಿದು. ವಿರೋಧ ಪ್ರಚಾರವೆಲ್ಲ ಹೊಲಸು, ಅದಕ್ಕೆ ಪಾಠದಲ್ಲಿ ಜಾಗ ಬೇಡ ಎಂಬ ಬಣದ ವಾದವನ್ನು ಇಂದೂ ಒಪ್ಪಲಾಗದು. ಜಾನ್ ಗೀರ್ ಎಂಬ ವಿದ್ವಾಂಸರು 2006ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಎದುರಾಳಿಯನ್ನು ಟೀಕಿಸುವ ಜಾಹೀರಾತುಗಳಲ್ಲಿ ಸ್ವಂತ ಹೊಗಳಿಕೆಯ ಜಾಹೀರಾತುಗಳಿಗಿಂತ ಹೆಚ್ಚು ಆಧಾರ ಇರುತ್ತದೆ. ಆಡಳಿತದ ದಾಖಲೆ ಹಿಡಿದು ಪ್ರಶ್ನಿಸುವುದು ಪ್ರಜಾಪ್ರಭುತ್ವದ ಉಸಿರು. 1828ರಲ್ಲಿ ಆಂಡ್ರ್ಯೂ ಜಾಕ್ಸನ್ ಅವರ ಪತ್ನಿ ರೇಚಲ್ ಮೇಲೆ ಇಬ್ಬರು ಗಂಡಂದಿರ ಅಪವಾದ ಹೊರಿಸಿದ್ದು ಟೀಕೆಯಲ್ಲ. ಗಂಡ ಅಧಿಕಾರ ಹಿಡಿಯುವ ಮೊದಲೇ ಆಕೆ ತೀರಿಕೊಂಡರು. 1988ರ ವಿಲ್ಲಿ ಹಾರ್ಟನ್ ಜಾಹೀರಾತೂ ಟೀಕೆಯಲ್ಲ. ಕಪ್ಪು ಕೈದಿಯೊಬ್ಬನ ಮುಖ ತೋರಿಸಿ ಬಿಳಿಯರ ಭಯಕ್ಕೆ ಕೈ ಹಾಕಿದ ಕೆಲಸ ಅದು. ಅದನ್ನು ಮಾಡಿಸಿದ್ದು ಹೊರಗಿನ ಗುಂಪು, ಹಾಗಾಗಿ ಅಭ್ಯರ್ಥಿ ಹಿರಿಯ ಬುಷ್ ಅವರ ಕೈ ಶುದ್ಧ. 2002ರ ಕಾನೂನು, ಈ ಸಂದೇಶಕ್ಕೆ ತನ್ನ ಒಪ್ಪಿಗೆಯಿದೆ ಎಂದು ಅಭ್ಯರ್ಥಿ ಸ್ವಂತ ದನಿಯಲ್ಲಿ ಹೇಳಬೇಕೆಂದಿತು. ಅದರಿಂದ ಕೆಸರು ಹೊರಗಿನ ಗುಂಪುಗಳ ಕೈಗೆ ಇನ್ನಷ್ಟು ಹೋಯಿತು. ಸ್ವಿಫ್ಟ್ ಬೋಟ್ ಗುಂಪಿಗೆ 2,99,500 ಡಾಲರ್ ದಂಡ ಬಿದ್ದದ್ದು 2006ರ ಕೊನೆಯಲ್ಲಿ, ಕೆರಿ ಸೋತು ಎರಡು ವರ್ಷದ ಮೇಲೆ.

ಪರಿಹಾರವನ್ನು ಅಮೆರಿಕದ ಸಂವಿಧಾನವೇ ಅರ್ಧ ತೋರಿಸಿದೆ. 1967ರ 25ನೇ ತಿದ್ದುಪಡಿಯಂತೆ ನಡುವೆ ಉಪಾಧ್ಯಕ್ಷ ಸ್ಥಾನ ತೆರವಾದರೆ ಹೊಸ ಹೆಸರನ್ನು ಎರಡೂ ಸದನ ಒಪ್ಪಬೇಕು. ಆಗ್ನ್ಯೂ ಹೋದಾಗ ಜೆರಾಲ್ಡ್ ಫೋರ್ಡ್ ಅವರ ಜೀವನವನ್ನು ಎಫ್‌ಬಿಐ ಜಾಲಾಡಿತು. ಸೆನೆಟ್ 92–3, ಪ್ರತಿನಿಧಿ ಸಭೆ 387–35 ಮತಗಳಿಂದ ಒಪ್ಪಿದವು. ಫೋರ್ಡ್ ಅಧ್ಯಕ್ಷರಾದ ಮೇಲೆ ಉಪಾಧ್ಯಕ್ಷ ಹುದ್ದೆಗೆ ಸೂಚಿಸಿದ ನೆಲ್ಸನ್ ರಾಕ್‌ಫೆಲ್ಲರ್ ಅವರ ವಿಚಾರಣೆ ನಾಲ್ಕು ತಿಂಗಳು ನಡೆದು, ಅಧಿಕಾರದಲ್ಲಿದ್ದವರಿಗೆ ಅವರು ಕೊಟ್ಟಿದ್ದ ದೊಡ್ಡ ಉಡುಗೊರೆಗಳೂ ಹೊರಬಂದವು. ಚುನಾವಣೆಗೆ ನಿಲ್ಲುವ ಜೊತೆಗಾರನಿಗೆ ಮಾತ್ರ ಇದಾವುದೂ ಇಲ್ಲ. 1972ರಲ್ಲಿ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಕೆಲವೇ ಗಂಟೆಗಳಲ್ಲಿ ಆರಿಸಿದ ಥಾಮಸ್ ಈಗಲ್ಟನ್, ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಚಿಕಿತ್ಸೆ ಪಡೆದಿದ್ದ ಸಂಗತಿ ಬಯಲಾಗಿ 18 ದಿನದಲ್ಲಿ ಹಿಂದೆ ಸರಿದರು. ಆಮೇಲೂ 1987ರವರೆಗೆ ಅವರು ಸೆನೆಟರ್ ಆಗಿ ಕೆಲಸ ಮಾಡಿದರು. ಅವರ ಕಾಯಿಲೆಯನ್ನು ಊರೆಲ್ಲ ಆಡಿಕೊಳ್ಳುವಂತೆ ಮಾಡಿದ್ದು ಆಯ್ಕೆಯ ಅವಸರ.

ಆದ್ದರಿಂದ ಅಲ್ಲಿನ ಪಕ್ಷಗಳು ತಮ್ಮ ನಿಯಮದಲ್ಲೇ ಬರೆದುಕೊಳ್ಳಲಿ: ಅಧಿವೇಶನಕ್ಕೆ 30 ದಿನ ಮೊದಲು ಎರಡನೆಯ ಹೆಸರು, ಆಸ್ತಿ ಮತ್ತು ಆರೋಗ್ಯದ ವರದಿ, ಪ್ರತಿನಿಧಿಗಳ ಮುಂದೆ ಬಹಿರಂಗ ಪ್ರಶ್ನೋತ್ತರ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. 1984ರಿಂದ ಪ್ರತಿ ಚುನಾವಣೆಯಲ್ಲೂ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆ ಒಂದೇ ನಡೆಯುತ್ತಿದೆ, ಎರಡಾಗಲಿ. ಕ್ಯಾಲಿಫೋರ್ನಿಯಾ ಕಾನೂನು ಜಾಹೀರಾತಿನಲ್ಲೇ ಮೂವರು ದೊಡ್ಡ ದಾನಿಗಳ ಹೆಸರು ಕೇಳುತ್ತದೆ. ದೇಶಕ್ಕೆಲ್ಲ ಅದೇ ಬರಲಿ. ಖಾಸಗಿ ವ್ಯಕ್ತಿಯನ್ನೋ ಒಂದು ಸಮುದಾಯವನ್ನೋ ಹಳಿಯುವ ಕೆಲಸ ತಾನು ಒಲ್ಲೆ ಎಂದು ಒಬ್ಬ ಉಪಾಧ್ಯಕ್ಷ ಅಭ್ಯರ್ಥಿಯಾದರೂ ಎದ್ದು ಹೇಳುವ ದಿನ ಬರಲಿ ಎಂಬುದು ಆಸೆ. ಅಮೆರಿಕದ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳ ನಡುವೆ ಚುನಾವಣೆಯ ವರ್ಷ ಒಂದು ಸಂಜೆಯನ್ನು ಈ ಚರ್ಚೆಗೆ ಮೀಸಲಿಡಲಿ ಎಂಬುದೂ ಆಸೆಯೇ.

ನಮ್ಮ ಕೈಯಲ್ಲೇ ಇರುವ ಕೆಲಸ ಎರಡು. ಪದವಿ ತರಗತಿಯ ತೌಲನಿಕ ಸರ್ಕಾರದ ಪಾಠದಲ್ಲಿ ಎರಡು ದೇಶಗಳ ಉಪಾಧ್ಯಕ್ಷ ಹುದ್ದೆಗೆ ಒಂದು ಪೂರ್ಣ ಘಟಕ, ಜತ್ತಿಯವರ ಮತ್ತು ಫೋರ್ಡ್ ಅವರ ಉದಾಹರಣೆಗಳೊಂದಿಗೆ. ಎರಡನೆಯದು, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್ 1952ರಿಂದ ಈಚಿನ ಚುನಾವಣಾ ಜಾಹೀರಾತುಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಅದರಿಂದ ಇಪ್ಪತ್ತನ್ನು ಆರಿಸಿ, ಪ್ರತಿಯೊಂದರ ಹಿನ್ನೆಲೆ ಮತ್ತು ಸತ್ಯಾಸತ್ಯವನ್ನು ಕನ್ನಡದಲ್ಲಿ ಬರೆದು ಎಲ್ಲ ಕಾಲೇಜುಗಳಿಗೆ ಕಳಿಸಬೇಕು. ಮಧ್ಯಾಹ್ನದ ಸರ್ವಸದಸ್ಯರ ಸಭೆಯಲ್ಲಿ ಈ ಎರಡೂ ನಿರ್ಣಯಗಳು ಮಂಡನೆಯಾಗಲಿವೆ. ಊಟ ಮುಗಿದೊಡನೆ ಬಸ್ಸು ಹಿಡಿಯದೆ, ದಯವಿಟ್ಟು ಉಳಿದು ಮತ ಹಾಕಿ.