ಪ್ರಾಣಿಪಾಲನೆಯ ಮೊದಲ ಮೆಟ್ಟಿಲು



ವಿಜಯದಶಮಿಯ ದಿನ ಚಿನ್ನದ ಅಂಬಾರಿಯನ್ನು ಹೊತ್ತ ಆನೆಗಳ ಹೆಸರುಗಳನ್ನು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ದ್ರೋಣ, ಬಲರಾಮ, ಅರ್ಜುನ, 2020 ರಲ್ಲಿ ಆ ಭಾರವನ್ನು ವಹಿಸಿಕೊಂಡ ಅಭಿಮನ್ಯು, ಇವು ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠವಾಗಿವೆ. ಆನೆಯ ಕತ್ತಿನ ಮೇಲೆ ಕುಳಿತ ಮಾವುತನ ಹೆಸರನ್ನು ಪತ್ರಿಕೆಗಳು ಆಗಾಗ ಅಚ್ಚುಮಾಡುವುದೂ ಉಂಟು. ಆದರೆ ಪ್ರತಿಯೊಂದು ಆನೆಗೂ ಮಾವುತನಲ್ಲದೆ ಇನ್ನೊಬ್ಬ ಮನುಷ್ಯನುಂಟು. ಸೊಪ್ಪು ತರುವವನು ಅವನು, ಲದ್ದಿ ಬಾಚುವವನು ಅವನು, ಸರಪಳಿ ಕಟ್ಟಿ ಬಿಚ್ಚುವವನು, ನೀರಿಗಿಳಿಸಿ ಮೈತಿಕ್ಕುವವನು ಅವನೇ. ಅವನಿಗೆ ಕಾವಾಡಿಯೆಂದು ಹೆಸರು. ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊತ್ತ ಆನೆಯು ಜನಸಮುದ್ರದ ನಡುವೆ ಸಮಾಧಾನದಿಂದ ಹೆಜ್ಜೆಯಿಡುವುದರಲ್ಲಿ ಅವನ ಪಾಲು ಚಿಕ್ಕದಲ್ಲ. ಅವನ ಹೆಸರು ಮಾತ್ರ ನಮಗೆ ತಿಳಿಯದು.

ಪ್ರಾಣಿಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತಿರುವ ಈ ಮನುಷ್ಯನಿಗೆ, ಅಂದರೆ ಕಾವಾಡಿಗೆ, ಮೃಗಾಲಯದ ಪಾಲಕನಿಗೆ, ಗೋಶಾಲೆಯ ಆಳಿಗೆ, ಲಾಯದಲ್ಲಿ ಕುದುರೆ ತಿಕ್ಕುವವನಿಗೆ, ಅವನ ಕೆಲಸವನ್ನು ಕಲಿಸತಕ್ಕವರು ಯಾರು ಎಂಬ ವಿಷಯವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಪಶುವೈದ್ಯರ ವಿದ್ಯಾಭ್ಯಾಸದ ವಿಷಯವನ್ನು ಅನೇಕರು ಮಾತನಾಡಿದ್ದಾರೆ. ವೈದ್ಯರನ್ನು ಕರೆಯಬೇಕೆಂದು ಮೊದಲು ಗೊತ್ತುಮಾಡುವವನ ವಿದ್ಯಾಭ್ಯಾಸವನ್ನು ಕುರಿತು ಮಾತು ಕಡಿಮೆ.

ಇದರಲ್ಲಿ ಕಲಿಯುವುದೇನಿದೆ, ಹುಲ್ಲು ಹಾಕುವುದು, ಕಸ ಗುಡಿಸುವುದು ಯಾರಿಗೆ ಬಾರದು ಎಂದು ಯಾರಾದರೂ ಕೇಳಬಹುದು. ಕಾವಾಡಿಯ ಒಂದು ಬೆಳಗಿನ ಕೆಲಸವನ್ನು ನೋಡೋಣ. ಅವನು ಆನೆಯ ಬಳಿಗೆ ಬಂದೊಡನೆ ಮಾಡುವ ಮೊದಲ ಕಾರ್ಯವೆಂದರೆ ಅದರ ಪಕ್ಕೆಗಳನ್ನು ನೋಡುವುದು. ಒಂದು ಪಕ್ಕೆಗೆ ಮಣ್ಣು ಮೆತ್ತಿಕೊಂಡಿದ್ದರೆ ರಾತ್ರಿ ಆನೆಯು ಮಲಗಿ ನಿದ್ರೆಮಾಡಿತೆಂದು ಅರ್ಥ. ಎರಡು ಮೂರು ದಿನ ಮೈ ಚೊಕ್ಕಟವಾಗಿಯೇ ಇದ್ದರೆ ಅದು ನಿಂತೇ ರಾತ್ರಿ ಕಳೆಯಿತು. ನೋವೋ ಭಯವೋ ಏನೋ ಒಂದುಂಟು. ತರುವಾಯ ಕಾಲುಗುರುಗಳ ಬುಡ. ಆರೋಗ್ಯವಾದ ಆನೆಗೆ ಅಲ್ಲಿ ಸ್ವಲ್ಪ ತೇವ ಕಾಣಬೇಕು. ತರುವಾಯ ಲದ್ದಿ: ಎಷ್ಟು ಉಂಡೆ ಬಿದ್ದಿದೆ, ಒಡೆದರೆ ನಾರು ಹೇಗಿದೆ, ವಾಸನೆ ನಿನ್ನೆಯಂತಿದೆಯೆ, ಇಲ್ಲವೆ? ಕಿವಿ ಬೀಸುವುದು ನಿಂತಿದೆಯೆ? ಗಂಡಾನೆಯಾದರೆ ಕಣ್ಣಿಗೂ ಕಿವಿಗೂ ನಡುವೆ ಇರುವ ಗ್ರಂಥಿಯಿಂದ ಮದ ಜಿನುಗಲು ಮೊದಲಾಗಿದೆಯೆ? ಈ ಕೊನೆಯದನ್ನು ಒಂದು ದಿನ ತಡವಾಗಿ ಕಂಡರೆ ಕಾವಾಡಿಯ ಪ್ರಾಣಕ್ಕೇ ಅಪಾಯ. ಇಷ್ಟೂ ಆಗುವುದು ಅವನು ಬುಟ್ಟಿ ಹಿಡಿಯುವುದಕ್ಕೆ ಮುಂಚೆ. ನಿಂತು ನೋಡಿದವರಿಗೆ ಅವನು ಸುಮ್ಮನೆ ಆನೆಯ ಸುತ್ತ ಒಂದು ಸುತ್ತು ಬಂದಂತೆ ಕಾಣುತ್ತದೆ!

ಕುಸುರೆ ಕಟ್ಟುವುದನ್ನೂ ಹೇಳಬೇಕು. ದಸರೆಗೆ ಬಂದ ಆನೆಗಳನ್ನು ಅರಮನೆಯ ಆವರಣದಲ್ಲಿ ನೋಡಿದವರು ಇದನ್ನು ಬಲ್ಲರು. ಬತ್ತದ ಹುಲ್ಲನ್ನು ತಿರುಚಿ ಗೂಡಿನಂತೆ ಮಾಡಿ, ಒಳಗೆ ಬತ್ತ, ಬೆಲ್ಲ, ತೆಂಗಿನಕಾಯಿ ಮೊದಲಾದುವನ್ನಿಟ್ಟು, ಬಿಚ್ಚದಂತೆ ಸುತ್ತಿ ಆನೆಯ ಬಾಯಿಗೆ ಕೊಡುತ್ತಾರೆ. ಸಡಿಲವಾದರೆ ಕಾಳೆಲ್ಲ ನೆಲದ ಪಾಲು. ಹೊಸಬನ ಕೈಗೆ ಇದು ಒಂದು ದಿನದಲ್ಲಿ ಬರುವುದಿಲ್ಲ. ಆನೆಯು ತನ್ನ ಕೈಯಿಂದ ತುತ್ತು ತೆಗೆದುಕೊಳ್ಳುವ ಪರಿಯಿಂದಲೇ ಅದರ ಹಸಿವನ್ನೂ ಹಲ್ಲನ್ನೂ ಕೋಪವನ್ನೂ ಅಳೆಯುವ ವಿದ್ಯೆ ಅದರೊಡನೆಯೇ ಕಲಿಯತಕ್ಕದ್ದು.

ಇದನ್ನೆಲ್ಲ ಈವರೆಗೆ ಕಲಿಸಿದ ಪಾಠಶಾಲೆ ಯಾವುದು? ಮನೆ. ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಂದ ವಿದ್ಯೆ ಇದು. ದುಬಾರೆ, ಮತ್ತಿಗೋಡು, ಬಳ್ಳೆ ಮುಂತಾದ ಶಿಬಿರಗಳಲ್ಲಿ ಈ ಕೆಲಸ ಮಾಡುವವರಲ್ಲಿ ಜೇನುಕುರುಬರು ಬಹುಮಂದಿ. 1870 ರ ದಶಕದಲ್ಲಿ ಸ್ಯಾಂಡರ್ಸನ್ ದೊರೆಯು ಮೈಸೂರು ಸೀಮೆಯಲ್ಲಿ ಖೆಡ್ಡಾಗಳನ್ನು ಏರ್ಪಡಿಸಿದುದು ಮೊದಲ್ಗೊಂಡು 1971 ರಲ್ಲಿ ಕಾಕನಕೋಟೆಯಲ್ಲಿ ನಡೆದ ಕೊನೆಯ ಖೆಡ್ಡಾದವರೆಗೆ, ಕಾಡಾನೆಯನ್ನು ಹಿಡಿದು ಪಳಗಿಸುವ ಆ ಕಾರ್ಯವೇ ಒಂದು ದೊಡ್ಡ ಶಾಲೆಯಾಗಿದ್ದಿತು. ಹುಡುಗರು ಹಿರಿಯರ ಹಿಂದೆ ನಿಂತು ಕಲಿಯುತ್ತಿದ್ದರು. ಆ ಶಾಲೆ ಮುಚ್ಚಿತು. ಕಾಕನಕೋಟೆಯ ಆ ಹಳೆಯ ನೆಲವೂ ಕಬಿನಿಯ ನೀರಿನಲ್ಲಿ ಮುಳುಗಿತು. ಖೆಡ್ಡಾ ನಿಂತದ್ದಕ್ಕೆ ನನಗೆ ವ್ಯಸನವಿಲ್ಲ, ಅದರಲ್ಲಿ ಸತ್ತ ಆನೆಗಳೂ ಗಾಯಗೊಂಡ ಆನೆಗಳೂ ಅನೇಕ. ಆದರೆ ಆನೆಯ ಕೆಲಸ ನಿಲ್ಲಲಿಲ್ಲವಷ್ಟೆ. ಕೊಡಗು, ಹಾಸನ ಪ್ರಾಂತಗಳಲ್ಲಿ ತೋಟಕ್ಕೆ ನುಗ್ಗುವ ಕಾಡಾನೆಗಳನ್ನು ಹಿಡಿಯಲು ಹೋಗಬೇಕಾದವು ಈ ಶಿಬಿರದ ಆನೆಗಳೇ. ಎಂಟು ಸಲ ಅಂಬಾರಿ ಹೊತ್ತ ಅರ್ಜುನನು 2023 ನೆಯ ಡಿಸೆಂಬರ್ 4 ರಂದು ಹಾಸನ ಜಿಲ್ಲೆಯ ಯಸಳೂರಿನಲ್ಲಿ ಅಂತಹ ಕಾರ್ಯದಲ್ಲಿಯೇ ಕಾಡಾನೆಯೊಡನೆ ಹೋರಾಡಿ ಸತ್ತನು. ಆನೆ ಹೋದ ಕಡೆಗೆಲ್ಲ ಮಾವುತನೂ ಕಾವಾಡಿಯೂ ಹೋಗತಕ್ಕವರೇ.

ಇತ್ತ ಕಾವಾಡಿಯ ಮಗ ಶಾಲೆಗೆ ಹೋಗುತ್ತಿದ್ದಾನೆ. ದಸರೆಯ ದಿನಗಳಲ್ಲಿ ಅರಮನೆಯ ಆವರಣದಲ್ಲಿ ಈ ಮಕ್ಕಳಿಗಾಗಿ ಗುಡಾರದಲ್ಲಿ ಶಾಲೆ ನಡೆಸುವುದನ್ನು ತಾವೂ ಕಂಡಿರಬಹುದು. ಇದು ಆಗಲೇಬೇಕಾದ ಕಾರ್ಯ. ಓದಿದ ಹುಡುಗನು ಬೇರೆ ಉದ್ಯೋಗಕ್ಕೆ ಹೋಗುವುದಾದರೆ ಹೋಗಲಿ. ತಂದೆಯ ಕೆಲಸವನ್ನೇ ಮಾಡಬೇಕೆಂದು ಯಾರೂ ಅವನನ್ನು ಕಟ್ಟಿಹಾಕಲಾಗದು. ಆದರೆ ಹಗಲೆಲ್ಲ ಶಾಲೆಯಲ್ಲಿರುವ ಹುಡುಗನು ಆನೆಯ ಪಕ್ಕೆಯ ಮಣ್ಣನ್ನು ಓದುವುದನ್ನು ಕಲಿಯಲಾರ. ಹತ್ತನೆಯ ತರಗತಿ ಮುಗಿಸಿ, ಆನೆಯೇ ಬೇಕೆಂದು ತಿರುಗಿ ಬಂದರೆ, ಆಗ ಅವನಿಗೆ ಕಲಿಸುವ ಏರ್ಪಾಡೆಲ್ಲಿ? ಮನೆಯ ಶಾಲೆ ತೆರವಾಗುತ್ತಿದೆ. ಅದರ ಸ್ಥಾನಕ್ಕೆ ಬರಬೇಕಾದದ್ದು ಇನ್ನೂ ಬಂದಿಲ್ಲ.

ಇನ್ನು ನಮ್ಮ ಊರಿನ ಮೃಗಾಲಯದ ಕಡೆಗೆ ಬರೋಣ. 1892 ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರು ಹತ್ತು ಎಕರೆಯ ನೆಲದಲ್ಲಿ ಸ್ಥಾಪಿಸಿದ ಈ ತೋಟವು ಇಂದು 157 ಎಕರೆಗಳಷ್ಟು ಹರಡಿಕೊಂಡಿದೆ. ಮೊದಲ ಮೇಲ್ವಿಚಾರಕ ಹ್ಯೂಸ್ ಎಂಬಾತನು 1924 ರವರೆಗೆ, ಮೂವತ್ತೆರಡು ವರ್ಷ, ಅದನ್ನು ನೋಡಿಕೊಂಡನೆಂದು ಅದರ ಚರಿತ್ರೆಯಲ್ಲಿ ಬರೆದಿದ್ದಾರೆ. ಅವನ ಕೈಕೆಳಗೆ ಬೋನು ತೊಳೆದವರ ಹೆಸರುಗಳು ಅಷ್ಟು ಸುಲಭವಾಗಿ ಸಿಕ್ಕವು.

ಮೃಗಾಲಯದ ಪಾಲಕನ ಕೆಲಸವು ಎಣಿಕೆಯಿಂದ ಆರಂಭವಾಗುತ್ತದೆ. ಬೆಳಗ್ಗೆ ತನ್ನ ವಶದಲ್ಲಿರುವ ಪ್ರಾಣಿಗಳನ್ನು ಎಣಿಸಬೇಕು. ಎಣಿಸುವಾಗ ಪ್ರತಿಯೊಂದನ್ನೂ ನೋಡಬೇಕು. ನಿನ್ನೆ ಹಾಕಿದ ಮೇವಿನಲ್ಲಿ ಉಳಿದದ್ದೆಷ್ಟು, ಉಳಿಸಿದ್ದು ಯಾವುದು? ಜಿಂಕೆಯ ಹಿಕ್ಕೆ ಗಟ್ಟಿಯಾಗಿದೆಯೆ? ರೋಗ ಬಂದ ಕಾಡುಪ್ರಾಣಿಯು ಅದನ್ನು ಮರೆಸಿಕೊಳ್ಳುತ್ತದೆ. ಕಾಡಿನಲ್ಲಿ ದುರ್ಬಲವೆಂದು ತೋರಿಸಿಕೊಂಡ ಪ್ರಾಣಿಯು ಉಳಿಯಲಾರದಷ್ಟೆ; ಆ ಅಭ್ಯಾಸವನ್ನು ಬೋನಿನೊಳಗೂ ಅದು ಬಿಡುವುದಿಲ್ಲ. ಎಲ್ಲರಿಗೂ ಕಾಣುವಂತೆ ಸೊರಗಿದಾಗ ವೈದ್ಯರು ಮಾಡತಕ್ಕದ್ದು ಸ್ವಲ್ಪವೇ ಉಳಿದಿರುತ್ತದೆ. ನಿತ್ಯವೂ ನೋಡುವ ಕಣ್ಣೊಂದೇ ಅದನ್ನು ಮುಂಚಿತವಾಗಿ ಹಿಡಿಯಬಲ್ಲದು. 2017 ನೆಯ ಜನವರಿಯಲ್ಲಿ ಹಕ್ಕಿಜ್ವರದ ನಿಮಿತ್ತ ನಮ್ಮ ಮೃಗಾಲಯವನ್ನು ಒಂದು ತಿಂಗಳ ಕಾಲ ಮುಚ್ಚಬೇಕಾಯಿತು. ಅಂತಹ ರೋಗವು ಎಲ್ಲಿ ಬಂದರೂ ಅದರ ಮೊದಲ ಸುದ್ದಿ ಬರುವುದು ಪ್ರಯೋಗಶಾಲೆಯಿಂದಲ್ಲ. ಬೆಳಗ್ಗೆ ಹಕ್ಕಿಗಳನ್ನು ಎಣಿಸಿದವನು ಒಂದು ಕಡಿಮೆಯಾಯಿತೆಂದು ಹೇಳುವುದರಿಂದ.

ಹಾಗೆಯೇ ಬಾಗಿಲಿನ ಶಿಸ್ತು. ಹುಲಿಯನ್ನು ಒಳಮನೆಗೆ ಸೇರಿಸಿ, ಜಾರುಬಾಗಿಲನ್ನು ಹೊರಗಿನಿಂದ ಎಳೆದು, ಬೀಗ ಹಾಕಿ, ಬೀಗವನ್ನು ಜಗ್ಗಿ ನೋಡಿ, ಹುಲಿಗಳನ್ನು ಕಣ್ಣಾರೆ ಎಣಿಸಿ, ಆಮೇಲೆ ಹೊರ ಆವರಣಕ್ಕೆ ಕಾಲಿಡಬೇಕು. ಸಾವಿರ ದಿನ ಸರಿಯಾಗಿ ಮಾಡಿ ಒಂದು ದಿನ ಮರೆತರೆ ಮರುದಿನವಿಲ್ಲ. ರೋಗಗಳು ಅತ್ತಿಂದಿತ್ತ ದಾಟುವುದೂ ತಿಳಿದಿರಬೇಕು. ಕ್ಷಯವು ಮನುಷ್ಯನಿಂದ ಆನೆಗೆ, ಆನೆಯಿಂದ ಮನುಷ್ಯನಿಗೆ ಅಂಟುತ್ತದೆ. ಕಾಲುಬಾಯಿ ಜ್ವರವು ಮನೆಯ ಹಸುವಿನ ಕೊಟ್ಟಿಗೆಯಿಂದ ಪಾಲಕನ ಮೆಟ್ಟಿನಲ್ಲಿ ಕುಳಿತು ಜಿಂಕೆಗಳ ಬಳಿಗೆ ಬರಬಲ್ಲದು. ಬಾಗಿಲಲ್ಲಿ ಔಷಧದ ನೀರಿನ ತೊಟ್ಟಿಯನ್ನು ಏತಕ್ಕಿಟ್ಟಿದ್ದಾರೆಂದು ತಿಳಿಯದವನು ಅದನ್ನು ದಾಟಿಕೊಂಡೇ ಹೋಗುತ್ತಾನೆ.

ಹೀಗಿರುವಲ್ಲಿ, ಎಲ್ಲಿಯಾದರೂ ಸರಿಯೆ, ಪ್ರಾಣಿಗಳನ್ನಿಟ್ಟಿರುವ ಸ್ಥಳಕ್ಕೆ ಕೆಲಸ ಕೇಳಿಕೊಂಡು ಬಂದ ಹುಡುಗನಿಗೆ ನಾವು ಸಾಮಾನ್ಯವಾಗಿ ಮಾಡುವುದೇನು? ಒಂದು ಪೊರಕೆ ಕೊಟ್ಟು, ಅಲ್ಲಿ ನೋಡಿ ಕಲಿತುಕೋ ಎನ್ನುತ್ತೇವೆ. ಪೊರಕೆ ಅವಮಾನದ ವಸ್ತುವಲ್ಲ. ಅದನ್ನು ಹಿಡಿಯಲೊಲ್ಲದವನು ಈ ಉದ್ಯೋಗಕ್ಕೆ ಬರಲೇಬಾರದು. ನನಗೆ ಪ್ರಾಣಿಗಳೆಂದರೆ ಬಲು ಪ್ರೀತಿ ಎಂದು ಹೇಳಿಕೊಂಡು ಬರುವವರು, ವಿಶೇಷವಾಗಿ ನಮ್ಮಂತಹ ಮನೆಗಳ ಮಕ್ಕಳು, ಬಹಳ ಮಂದಿ. ಆ ಪ್ರೀತಿಯು ಮೂರನೆಯ ದಿನ ಸಗಣಿಯ ವಾಸನೆಗೆ ಕರಗಿಹೋಗುವುದುಂಟು! ಆದರೆ ನೋಡಿ ಕಲಿತುಕೋ ಎಂಬುದು, ತೋರಿಸುವವನೊಬ್ಬನು ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಅರ್ಥವುಳ್ಳ ಮಾತು.

ಏನೂ ಏರ್ಪಾಡಿಲ್ಲವೆಂದು ಹೇಳುವುದು ನ್ಯಾಯವಲ್ಲ. 1992 ರಲ್ಲಿ ಸ್ಥಾಪಿತವಾದ ಕೇಂದ್ರ ಮೃಗಾಲಯ ಪ್ರಾಧಿಕಾರವು ಪಾಲಕರಿಗಾಗಿ ತರಬೇತಿಯ ಶಿಬಿರಗಳಿಗೆ ನೆರವು ಕೊಡುತ್ತದೆ. ಆದರೆ ಅವು ಈಗಾಗಲೇ ಕೆಲಸದಲ್ಲಿರುವವರಿಗೆ, ಕೆಲವು ದಿನಗಳ ಮಟ್ಟಿಗೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಎರಡು ವರ್ಷಗಳ ಪಶುಸಂಗೋಪನೆಯ ಡಿಪ್ಲೊಮ ಉಂಟು. ಬಹಳ ಉಪಯುಕ್ತವಾದದ್ದು. ಅದರ ದೃಷ್ಟಿಯೆಲ್ಲ ಹಸು, ಎಮ್ಮೆ, ಕುರಿ, ಕೋಳಿಗಳ ಮೇಲೆ. ಅದು ಹಾಗಿರಬೇಕಾದದ್ದೂ ಸಹಜ. ಆನೆಯ ಶಿಬಿರಕ್ಕೆ, ಮೃಗಾಲಯಕ್ಕೆ, ಮುದಿ ಹಸುಗಳ ಪಿಂಜರಾಪೋಲಿಗೆ, ಬೀದಿಯ ನಾಯಿಗಳ ಆಶ್ರಯಕ್ಕೆ ಬರುವ ಹೊಸಬನಿಗೆ, ಕೆಲಸಕ್ಕೆ ಮುಂಚೆ ಒಂದು ವರ್ಷದ ನಿಯತವಾದ ಶಿಕ್ಷಣ ಬೇಕು.

2021 ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣದಿಂದ ಥಾಬೊ, ಡೆಂಬ ಎಂಬ ಎರಡು ಗೊರಿಲ್ಲಗಳು ನಮ್ಮ ಮೃಗಾಲಯಕ್ಕೆ ಬಂದುವು. ಆ ದೇಶದಲ್ಲಿ ಪ್ರಾಣಿಪಾಲಕನಾಗುವುದಕ್ಕೆ ಮೂರು ವರ್ಷಗಳ ವೃತ್ತಿಶಿಕ್ಷಣವಿದೆ. ಕಲಿಯುವವನು ಮೃಗಾಲಯದಲ್ಲಿ ಕೆಲಸಮಾಡುತ್ತ, ನಡುನಡುವೆ ಶಾಲೆಗೆ ಹೋಗುತ್ತ, ಕೊನೆಗೆ ಪರೀಕ್ಷೆಗೆ ಕುಳಿತುಕೊಳ್ಳುತ್ತಾನೆ. ಕಲಿಯುವ ಕಾಲದಲ್ಲಿಯೂ ಅವನಿಗೆ ಹಣ ಕೊಡುತ್ತಾರೆ. ಈ ಕೊನೆಯ ಮಾತಿನ ಮೇಲೆ ಎಲ್ಲವೂ ನಿಂತಿದೆ. ಬಡವರ ಮಗ ಒಂದು ವರ್ಷ ಸಂಬಳವಿಲ್ಲದೆ ಕಲಿಯಲಾರ. ನಮ್ಮಲ್ಲಿಯೂ 1961 ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಕೆಲಸ ಕಲಿಯುವವನಿಗೆ ಭತ್ಯ ಕೊಡುವ ಪದ್ಧತಿ ಉಂಟಷ್ಟೆ. ಚರಕಿಯ ಮುಂದೆ ನಿಂತು ಕಲಿಯುವವನಿಗೆ ಸಲ್ಲುವುದು ಆನೆಯ ಮುಂದೆ ನಿಂತು ಕಲಿಯುವವನಿಗೆ ಏಕೆ ಸಲ್ಲಬಾರದು?

ಕಲಿಸುವವರು ಯಾರು ಎಂಬ ಪ್ರಶ್ನೆ ಇದಕ್ಕಿಂತ ತೊಡಕಿನದು. ಪಾಠಹೇಳುವವನಿಗೆ ಪದವಿ ಬೇಕೆಂದು ನಿಯಮಗಳು ಕೇಳುತ್ತವೆ. ನಿವೃತ್ತನಾದ ಮಾವುತನಿಗೆ ಪದವಿ ಎಲ್ಲಿಂದ ಬಂದೀತು? ಅನುಭವದಿಂದ ಕಲಿತವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವು ಕೌಶಲ್ಯ ತರಬೇತಿಯ ಯೋಜನೆಗಳಲ್ಲಿ ಈಗ ಉಂಟು. ಅದನ್ನು ಮೊದಲು ಈ ಹಿರಿಯರಿಗೆ ಅನ್ವಯಿಸಿ, ಅವರನ್ನು ಉಪಾಧ್ಯಾಯರ ಕುರ್ಚಿಯಲ್ಲಿ ಕೂರಿಸಬೇಕು. ವೈದ್ಯರು ರೋಗದ ಪಾಠ ಹೇಳಲಿ. ಪಕ್ಕೆಯ ಮಣ್ಣಿನ ಪಾಠವನ್ನು ಇವರು ಹೇಳಲಿ. 2025 ನೆಯ ಜುಲೈಯಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳನ್ನು ಜಪಾನಿನ ಹಿಮೇಜಿಗೆ ಕಳುಹಿಸಿದಾಗ, ಅಲ್ಲಿನ ಪಾಲಕರು ಮುಂಚೆಯೇ ಇಲ್ಲಿಗೆ ಬಂದು ಕಲಿತರು. ನಮ್ಮವರು ಆನೆಗಳೊಡನೆ ಅಲ್ಲಿಗೆ ಹೋಗಿ ಕೆಲವು ದಿನ ಇದ್ದು ಬಂದರು. ಹೊರದೇಶದವರು ಕಲಿಯಲು ಬರುವಷ್ಟು ವಿದ್ಯೆ ನಮ್ಮ ಆಳುಗಳಲ್ಲಿರುವುದು ಇದರಿಂದ ತಿಳಿಯಿತಲ್ಲವೆ?

ಶಿಕ್ಷಣವು ಕನ್ನಡದಲ್ಲಿಯೇ ಆಗತಕ್ಕದ್ದು. ಚಾಳುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದು ಸುಮಾರು ಒಂಬೈನೂರು ವರ್ಷಗಳಾದುವು. ಆದಕಾರಣ ಭಾಷೆ ಸಾಲದೆಂಬ ನೆವ ನಡೆಯದು. ಹೊಸಬನಿಗೆ ಮೊದಲ ದಿನವೇ ಒಂದು ದಿನಚರಿಯ ಪುಸ್ತಕವನ್ನು ಕೊಡಬೇಕು. ಕಂಡದ್ದನ್ನು ಅವನ ಮಾತಿನಲ್ಲಿಯೇ ಅದರಲ್ಲಿ ಬರೆಯಲಿ: ಇಷ್ಟು ತಿಂದಿತು, ಇಷ್ಟು ಉಳಿಸಿತು, ಎಡಗಾಲನ್ನು ಎತ್ತಿ ಇಡುತ್ತದೆ. ಸಂಜೆ ಹಿರಿಯನು ಅದನ್ನು ಓದಿಸಿ ಕೇಳಿ, ಬಿಟ್ಟದ್ದನ್ನು ಹೇಳಲಿ. ಬರೆಯಬಲ್ಲ ಹುಡುಗನೂ ನೋಡಬಲ್ಲ ಮುದುಕನೂ ಹೀಗೆ ಒಂದು ವರ್ಷ ಕೂಡಿ ಕುಳಿತರೆ, ಈವರೆಗೆ ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಪುಸ್ತಕವು ತಾನಾಗಿಯೇ ಸಿದ್ಧವಾಗುತ್ತದೆ. ಆ ಮುದುಕನು ಕೆಲಸದಿಂದ ಇಳಿದ ದಿನ ಅವನ ಸಂಗಡ ಎಲ್ಲವೂ ಇಳಿದುಹೋಗುವುದಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆ. ನೋಡಲು ಬರುವವರಿಗೆ ರಜೆಯೇ ಹೊರತು ಪಾಲಕನಿಗಲ್ಲ. ಜನರ ಗದ್ದಲವಿಲ್ಲದ ಆ ಬೆಳಗಿಗಿಂತ ಒಳ್ಳೆಯ ತರಗತಿ ಮತ್ತೆಲ್ಲಿ ಸಿಕ್ಕೀತು? ದಸರೆಗೆ ಮುಂಚೆ ವೀರನಹೊಸಹಳ್ಳಿಯಿಂದ ಹೊರಟು ಬಂದ ಆನೆಗಳ ಜೊತೆಯಲ್ಲಿ ಮಾವುತರೂ ಕಾವಾಡಿಗಳೂ ಸುಮಾರು ಎರಡು ತಿಂಗಳು ಅರಮನೆಯ ಆವರಣದಲ್ಲಿ ಬಿಡಾರಮಾಡಿರುತ್ತಾರೆ. ಮಕ್ಕಳ ಶಾಲೆಯ ಗುಡಾರವು ಸಂಜೆಯ ಹೊತ್ತು ಖಾಲಿಯಾಗಿರುತ್ತದೆ. ಆನೆಗಳು ತಾಲೀಮು ಮುಗಿಸಿ ಬಂದಮೇಲೆ ಅಲ್ಲಿ ದೀಪ ಹಚ್ಚಿ, ಹತ್ತು ಮಂದಿ ಹೊಸಬರನ್ನೂ ಇಬ್ಬರು ಹಿರಿಯ ಮಾವುತರನ್ನೂ ಕೂಡಿಸಿದರೆ ಈ ವರ್ಷದ ದಸರೆಯಿಂದಲೇ ಆರಂಭಿಸಬಹುದು.